ಸೋರಿದ ಶೆಲ್ಲೆಲ್ಲ ಕಳಪೆಯಲ್ಲ

ಮಾನ್ಯ ಸಂಪಾದಕರೇ,

ರಿಮೋಟು, ಟಾರ್ಚು, ಗೋಡೆ ಗಡಿಯಾರಗಳಲ್ಲಿ ಶೆಲ್ಲು ಸೋರಿ ಉಪಕರಣ ಕೆಟ್ಟಾಗ ನಮ್ಮಲ್ಲಿ ಬಹುತೇಕರು ದೂರುವುದು ಅಂಗಡಿಯವರನ್ನು. ನಕಲಿ ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ; ಆದರೆ ಸೋರುವ ಸ್ವಭಾವ ಬಹುಮಟ್ಟಿಗೆ ಶುಷ್ಕ ಕೋಶದ, ಅಂದರೆ ಈ ಶೆಲ್ಲಿನ, ರಚನೆಯಲ್ಲೇ ಅಡಗಿದೆ.

1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ಕೋಶದಲ್ಲಿ ದ್ರಾವಣ ತುಂಬಿರುತ್ತಿತ್ತು. ಎರಡು ದಶಕಗಳ ನಂತರ ಜರ್ಮನಿಯ ಕಾರ್ಲ್ ಗಾಸ್ನರ್ ಅದನ್ನು ಗಟ್ಟಿ ಸರಿಯಂತೆ ಮಾಡಿ ಸತುವಿನ ಡಬ್ಬಿಯೊಳಗೆ ಮುಚ್ಚಿದ. ಇಂದಿನ ಅಗ್ಗದ ಶೆಲ್ಲಿನ ರಚನೆಯೂ ಹೆಚ್ಚುಕಡಿಮೆ ಅದೇ: ನಡುವೆ ಇಂಗಾಲದ ಕಡ್ಡಿ, ಸುತ್ತಲೂ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಪುಡಿ, ಅದಕ್ಕೂ ಡಬ್ಬಿಗೂ ಮಧ್ಯೆ ಅಮೋನಿಯಂ ಕ್ಲೋರೈಡ್ ಅಥವಾ ಸತುವಿನ ಕ್ಲೋರೈಡಿನ ತೇವ. ಸ್ವಿಚ್ ಒತ್ತಿದಾಗ ಸತು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಬಲ್ಬಿನ ಮೂಲಕ ಹಾದು, ಕಡ್ಡಿಯ ದಾರಿಯಾಗಿ ಮ್ಯಾಂಗನೀಸ್ ಡೈಆಕ್ಸೈಡನ್ನು ಸೇರುತ್ತವೆ, ಸುಮಾರು 1.5 ವೋಲ್ಟ್ ದೊರೆಯುವುದು ಇದರಿಂದಲೇ. ಇಲ್ಲಿ ಕರಗುವ ಸತುವೇ ಹೊರಗೋಡೆಯೂ ಆಗಿರುವುದರಿಂದ, ಪಾತ್ರೆಯೇ ಸೌದೆಯಾಗಿ ಉರಿದಂತೆ, ಡಬ್ಬಿ ತೆಳುವಾಗಿ ಕೊನೆಗೆ ತೂತು ಬೀಳುತ್ತದೆ. ಬಳಸದೆ ಇಟ್ಟರೂ ಈ ಸವೆತ ನಿಧಾನವಾಗಿ ಸಾಗುತ್ತಲೇ ಇರುತ್ತದೆ.

ಆಲ್ಕಲೈನ್ ಶೆಲ್ಲಿನ ಕವಚ ಉಕ್ಕಿನದು, ಸತು ಒಳಗೆ ಪುಡಿಯಾಗಿರುತ್ತದೆ. ಹೆಚ್ಚು ವಿದ್ಯುತ್ ಎಳೆಯುವ ಆಟಿಕೆಗಳಿಗೆ ಅದೇ ಸೂಕ್ತ. ಗಡಿಯಾರಕ್ಕೆ ಅಗ್ಗದ್ದೇ ಸಾಕು. ಆದರೆ ಒಳಗೆ ಅನಿಲದ ಒತ್ತಡ ಹೆಚ್ಚಿದರೆ ಆಲ್ಕಲೈನ್ ಶೆಲ್ಲೂ ಸೋರುತ್ತದೆ, ಮತ್ತು ಅದರಲ್ಲಿರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನು ಸುಡಬಲ್ಲದು. ಹಳೆಯ ಶೆಲ್ಲಿನ ಜೊತೆ ಹೊಸದನ್ನು ಹಾಕುವ ನಮ್ಮ ಉಳಿತಾಯ ಬುದ್ಧಿಯೂ ಸೋರಿಕೆಗೆ ದಾರಿ, ಏಕೆಂದರೆ ಶಕ್ತಿ ಮುಗಿದ ಕೋಶದ ಮೂಲಕ ಹೊಸದು ಬಲವಂತವಾಗಿ ವಿದ್ಯುತ್ ಹರಿಸುತ್ತದೆ. ಇನ್ನು ಮುಗಿದ ಶೆಲ್ಲನ್ನು ಬಿಸಿಲಿಗಿಡುವ ಪದ್ಧತಿ: ಶಾಖ ರಾಸಾಯನಿಕ ಕ್ರಿಯೆಯನ್ನು ಸ್ವಲ್ಪ ಹೊತ್ತು ಚುರುಕುಗೊಳಿಸುತ್ತದೆಯೇ ಹೊರತು ಕರಗಿದ ಸತುವನ್ನು ಮರಳಿಸುವುದಿಲ್ಲ.

ಮುಗಿದ ಶೆಲ್ಲನ್ನು ಕೂಡಲೇ ತೆಗೆದುಬಿಡಬೇಕು, ಸರಿ. ತೆಗೆದು ಎಲ್ಲಿ ಹಾಕಬೇಕು? 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಸೀಮಿತವಾಗಿದ್ದವು. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಸಣ್ಣ ಶೆಲ್ಲುಗಳನ್ನೂ ಒಳಗೊಂಡು, ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೂ ನಮ್ಮ ಊರಿನಲ್ಲಿ ಶೆಲ್ಲು ಮಾರುವ ಯಾವ ಅಂಗಡಿಯಲ್ಲೂ ಹಳೆಯದನ್ನು ಹಾಕಲು ಡಬ್ಬಿ ಕಾಣಸಿಗುವುದಿಲ್ಲ. ಉತ್ಪಾದಕರ ಖರ್ಚಿನಲ್ಲಿ ಪ್ರತಿ ವಾರ್ಡಿನ ಒಂದೆರಡು ಅಂಗಡಿಗಳಲ್ಲಾದರೂ ಸಂಗ್ರಹ ಡಬ್ಬಿ ಇಡಿಸುವಂತೆ, ಮತ್ತು ಅದರ ಜಾಗವನ್ನು ಕಸದ ವಾಹನದ ಧ್ವನಿವರ್ಧಕದಲ್ಲೇ ತಿಳಿಸುವಂತೆ ಸ್ಥಳೀಯ ಸಂಸ್ಥೆಗಳನ್ನು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ತಿಪಟೂರು