ಗಿಡಮರಗಳ ಹೊಸ ವರ್ಷಕ್ಕೆ ಮಲೀದಾ ಸೇವೆ: ದೇಣಿಗೆ ಮನವಿ

ಮಾನ್ಯರೇ,

ಯಹೂದಿ ಪಂಚಾಂಗದ ಶೆವಾಟ್ ಮಾಸದ 15ನೆಯ ದಿನವು ಗಿಡಮರಗಳ ಹೊಸ ವರ್ಷ. ಅದನ್ನು 'ತು ಬಿಶ್ವಾತ್' ಎನ್ನುತ್ತಾರೆ. ನಮ್ಮ ಪುಷ್ಯ ಅಥವಾ ಮಾಘ ಹುಣ್ಣಿಮೆಯ ಆಸುಪಾಸಿನಲ್ಲಿ ಬರುವ ಈ ಹಬ್ಬದಲ್ಲಿ ಉಪವಾಸವಿಲ್ಲ, ಕೆಲಸ ನಿಲ್ಲಿಸಬೇಕೆಂಬ ಕಟ್ಟಳೆಯೂ ಇಲ್ಲ. ನೆಟ್ಟ ಮರದ ಮೊದಲ ಮೂರು ವರ್ಷಗಳ ಹಣ್ಣನ್ನು ತಿನ್ನಬಾರದೆಂದು ಯಹೂದಿಗಳ ಧರ್ಮಗ್ರಂಥವಾದ ತೋರಾ ವಿಧಿಸಿರುವುದರಿಂದ, ಮರದ ವಯಸ್ಸನ್ನು ಎಣಿಸಲು ಒಂದು ದಿನ ಬೇಕಾಯಿತು. ಆ ದಿನವೇ ಮುಂದೆ ಹಬ್ಬವಾಯಿತು.

ಕೊಂಕಣದ ಯಹೂದಿ ಸಮುದಾಯವಾದ ಬೆನೆ ಇಸ್ರಾಯೇಲಿಗಳಿಗೆ ಇದು ಪ್ರವಾದಿ ಎಲಿಯಾಹುವಿನ ದಿನವೂ ಹೌದು. ಹಡಗು ಒಡೆದು ನವಗಾಂವ್ ತೀರ ಸೇರಿದ ಹಿರಿಯರ ಸಂತತಿ ತಾವೆಂದು ನಂಬುವ ಈ ಜನ, ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆದು ಬದುಕಿ, ಯಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎನಿಸಿಕೊಂಡರು. ಅಲಿಬಾಗ್ ಸಮೀಪದ ಖಂಡಾಳೆಯ ಬಂಡೆಯೊಂದರ ಮೇಲಿರುವ ಗುರುತುಗಳು, ಎಲಿಯಾಹು ಸ್ವರ್ಗಕ್ಕೇರಿದಾಗ ಅವನ ರಥದಿಂದ ಮೂಡಿದವೆಂಬುದು ಅವರ ನಂಬಿಕೆ. ಹಬ್ಬದಂದು ಮನೆಮಂದಿಯೆಲ್ಲ ಅಲ್ಲಿ ಸೇರಿ ಮಲೀದಾ ಅರ್ಪಿಸುತ್ತಾರೆ.

ಉತ್ತರ ಕರ್ನಾಟಕದ ಮಾದಲಿಯನ್ನು ಬಲ್ಲವರಿಗೆ ಈ ಹೆಸರು ಹತ್ತಿರದ್ದೆನಿಸಬಹುದು. ಆದರೆ ಇದು ಗೋಧಿಯದಲ್ಲ, ಅವಲಕ್ಕಿಯದು. ತೊಳೆದ ಅವಲಕ್ಕಿಯನ್ನು ಮುದ್ದೆಯಾಗದಂತೆ ಬೆರಳ ತುದಿಯಿಂದಲೇ ಬಿಡಿಸಿ, ಬೆಲ್ಲ, ಆಗತಾನೇ ತುರಿದ ಕಾಯಿ, ಏಲಕ್ಕಿ, ದ್ರಾಕ್ಷಿ ಬೆರೆಸಿ, ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತಲೂ ಐದು ಬಗೆಯ ಹಣ್ಣು ಜೋಡಿಸಿ, ಗುಲಾಬಿ ಇಡುತ್ತಾರೆ. 'ಎಲಿಯಾಹು ಹನ್ನಾಬಿ' ಹಾಡನ್ನು ಹಿರಿಯರು ಎತ್ತಿಕೊಂಡರೆ ಮಕ್ಕಳು ದನಿಗೂಡಿಸುತ್ತಾರೆ. ಮರದ ಹಣ್ಣನ್ನು ಸೃಷ್ಟಿಸಿದ ದೇವರನ್ನು ಸ್ತುತಿಸಿದ ಮೇಲೆಯೇ ಪ್ರಸಾದ ಹಂಚಿಕೆ.

ಇಸ್ರೇಲ್ ದೇಶ ಸ್ಥಾಪನೆಯಾದ 1948ರ ನಂತರ ಈ ಸಮುದಾಯದ ಬಹುಪಾಲು ಅಲ್ಲಿಗೆ ತೆರಳಿತು. ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ಗಂಡಸರು ಬೇಕು. ಉಳಿದವರಲ್ಲಿ ಅನೇಕರು ವಯಸ್ಸಾದವರಾದ್ದರಿಂದ ದೂರದ ಊರುಗಳಿಂದ ಅವರನ್ನು ಕರೆತರದೆ ಆ ಎಣಿಕೆ ತುಂಬುವುದು ಕಷ್ಟ. ಮಲೀದಾ ಕಲಸುವ ಕೈಗಳಿರುವಾಗಲೇ ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಅದನ್ನು ಕಲಿಯಬೇಕೆಂಬುದೇ ನಮ್ಮ ಕಳಕಳಿ. ಆದ್ದರಿಂದ ಕರ್ನಾಟಕದಲ್ಲಿ ನೆಲೆಸಿರುವ ಕೆಲವು ಬೆನೆ ಇಸ್ರಾಯೇಲಿ ಮನೆತನಗಳೂ ಅವರ ಸ್ನೇಹಿತರೂ ಸೇರಿ ರಚಿಸಿಕೊಂಡಿರುವ ನಮ್ಮ ಸಮಿತಿಯು, ಹಿರಿಯರನ್ನೂ ಮಕ್ಕಳನ್ನೂ ಒಂದೇ ಬಸ್ಸಿನಲ್ಲಿ ಖಂಡಾಳೆಗೆ ಕರೆದೊಯ್ಯಲು, ಬಂದವರೆಲ್ಲರಿಗೂ, ನೆರೆಯ ಹಳ್ಳಿಗರಿಗೂ ಪ್ರಸಾದ ಹಂಚಲು, ಪ್ರತಿ ಮಗುವಿನ ಕೈಯಿಂದ ಒಂದು ಮಾವು ಅಥವಾ ತೆಂಗಿನ ಸಸಿ ನೆಡಿಸಲು ಸಂಕಲ್ಪಿಸಿದೆ.

ಬಸ್ಸಿನ ಬಾಡಿಗೆಯೇ ದೊಡ್ಡ ಖರ್ಚು. ₹500ರಿಂದ ಮೊದಲ್ಗೊಂಡು ಯಥಾಶಕ್ತಿ ನೆರವಾಗಬೇಕೆಂದು ಜಾತಿ ಮತಗಳ ಎಣಿಕೆಯಿಲ್ಲದೆ ಎಲ್ಲರನ್ನೂ ಕೋರುತ್ತೇವೆ. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಸಸಿಗಳ ರೂಪದಲ್ಲಿ ಕೊಟ್ಟರೂ ಸಂತೋಷದಿಂದ ಸ್ವೀಕರಿಸುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಕೊಡಲಾಗುವುದು. ಹಬ್ಬ ಮುಗಿದ ತಿಂಗಳೊಳಗೆ ಜಮಾಖರ್ಚಿನ ವಿವರವನ್ನು ದಾನಿಗಳೆಲ್ಲರಿಗೂ ಕಳುಹಿಸಲಾಗುವುದು.

ಇತಿ ತಮ್ಮ ವಿಶ್ವಾಸಿಗಳು,
ಸಮಿತಿಯ ಪದಾಧಿಕಾರಿಗಳು