ಭಾನುವಾರ ಬರುವ ಮುಂಚೆ ಇದನ್ನೊಮ್ಮೆ ಓದಿ

ಕೋಲಾರದ ಬಯಾಲಜಿ ಮೇಷ್ಟ್ರು, ಮೇಡಂ ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಸೇರೋಣ. ವಿಷಯ: ಲಿವರ್ ಕ್ಯಾನ್ಸರ್ ಹರಡುವುದು ಹೇಗೆ.

ಟಿಜಿಎಫ್-ಬೀಟಾ (ಕೋಶಗಳಿಗೆ ಸಂಕೇತ ಕೊಡುವ ಒಂದು ಪ್ರೋಟೀನ್) ಬಗ್ಗೆಯೇ ಜಾಸ್ತಿ ಹೊತ್ತು ಬೇಕು. ಎರಡು ನಾಲಿಗೆಯ ಸಂಕೇತ ಅದು. ಶುರುವಿನಲ್ಲಿ ಕೋಶ ಹೆಚ್ಚಾಗದಂತೆ ತಡೆಯುತ್ತದೆ. ರೋಗ ಬಲಿತ ಮೇಲೆ ಅದೇ ಸಂಕೇತ ಕೋಶವನ್ನು ‘ಹೊರಡು’ ಅಂತ ಎಬ್ಬಿಸುತ್ತದೆ. ಆಗ ಕೋಶದ ಮೈಮೇಲಿನ ಇ-ಕ್ಯಾಡ್ಹೆರಿನ್ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಕೋಶಗಳನ್ನು ಹಿಡಿದಿಡುವ ಪ್ರೋಟೀನ್ ಅಲ್ವಾ ಅದು? ಹಳೇ ಗೋಡೆಯ ಗಾರೆ ಉದುರಿದ ಹಾಗೆ. ಬಿಡಿಯಾದ ಕೋಶ ಉದ್ದವಾಗಿ, ರಕ್ತನಾಳಕ್ಕೆ ನುಸುಳಿ, ಹೆಚ್ಚಾಗಿ ಶ್ವಾಸಕೋಶದಲ್ಲಿ ಹೋಗಿ ಕೂರುತ್ತದೆ.

ವಿಇಜಿಎಫ್ ಅನ್ನೋ ಇನ್ನೊಂದು ಸಂಕೇತ ಪ್ರೋಟೀನ್ ಗೆಡ್ಡೆಯ ಕಡೆಗೆ ಹೊಸ ರಕ್ತನಾಳ ಬೆಳೆಯುವಂತೆ ಮಾಡುತ್ತದೆ. ಅದರ ಗ್ರಾಹಕವನ್ನು (ಆ ಸಂಕೇತವನ್ನು ಹಿಡಿಯುವ ಕೋಶದ ಪ್ರೋಟೀನ್) ತಡೆಯುವ ಸೊರಾಫೆನಿಬ್ ಮಾತ್ರೆಗೆ ಅಮೆರಿಕದಲ್ಲಿ 2007ರಲ್ಲಿ ಈ ಕ್ಯಾನ್ಸರ್‌ಗೆ ಕೊಡಲು ಒಪ್ಪಿಗೆ ಸಿಕ್ಕಿತು. ವಿಂಟ್ ಅನ್ನೋ ಮತ್ತೊಂದು ಸಂಕೇತದ ಹಾದಿಯನ್ನು ಬೋರ್ಡ್ ಮೇಲೆ ಬರೆದೇ ಹೇಳಬೇಕು, ಇಲ್ಲಿ ಟೈಪ್ ಮಾಡೋಕೆ ನನಗೆ ತಾಳ್ಮೆ ಇಲ್ಲ.

ನಿನ್ನೆ ನಮ್ಮ ಗುಂಪಿಗೆ ಬಂದ ‘ಲಿವರ್ ಕ್ಯಾನ್ಸರ್‌ಗೆ ಕಷಾಯ’ ಮೆಸೇಜ್ ಅಳಿಸಿದ್ದೇನೆ. ಬೇಜಾರಾಗಬೇಡಿ. ಮಕ್ಕಳಿಗೆ ಏನಾದರೂ ಹೇಳಲೇಬೇಕೆಂದರೆ ಹೆಪಟೈಟಿಸ್ ಬಿ ಲಸಿಕೆ ಬಗ್ಗೆ ಹೇಳಿ, ಆ ವೈರಸ್ಸೇ ಈ ಕ್ಯಾನ್ಸರ್‌ಗೆ ದೊಡ್ಡ ಕಾರಣಗಳಲ್ಲೊಂದು.

ಬಣ್ಣದ ಚಾಕ್‌ಪೀಸ್ ಖಾಲಿಯಾಗಿದೆ, ಯಾರಾದರೂ ಒಂದು ಡಬ್ಬಿ ತನ್ನಿ.