ಚಿತ್ರ ತೋರಿಸಿದರೆ ಮಾತು ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ನಾಲ್ಕು ವರ್ಷ. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬರುವ, ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ. ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆಯ ಹಳ್ಳಿ. ಹೋದ ತಿಂಗಳು ಒಂದು ಮದುವೆ ಊಟದಲ್ಲಿ ಅವಳು ಕೊರಳಿನ ದಾರದಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ಸರಿಸಿ, ನೀರಿನ ಲೋಟದ ಚಿತ್ರ ಹುಡುಕಿ ನನಗೆ ತೋರಿಸಿದಳು. ಪಕ್ಕದಲ್ಲಿದ್ದ ನಮ್ಮ ಅತ್ತೆಯೊಬ್ಬರು, "ಇದೆಲ್ಲ ಕೊಡಬೇಡ ಕಣೆ, ಕೈಯಲ್ಲೇ ಕೆಲಸ ಆಗ್ತಿದ್ರೆ ಮಗು ಬಾಯಿ ಯಾಕೆ ಬಿಡುತ್ತೆ?" ಎಂದರು. ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಇದೇ ಮಾತನ್ನು ಹಿಂದೆ ಒಬ್ಬ ಡಾಕ್ಟರೂ ಹೇಳಿದ್ದರು. ಅದನ್ನು ನಂಬಿ ಒಂದು ವರ್ಷ ಸುಮ್ನೆ ಕೂತುಬಿಟ್ಟೆವು.

ಆ ವರ್ಷ ಹೇಗಿತ್ತು ಅಂತ ಹೇಳುತ್ತೇನೆ. ಏನು ಬೇಕು ಅಂತ ಹೇಳಲು ಆಗದೆ ಮಗು ಹಣೆಯನ್ನು ನೆಲಕ್ಕೆ ಚಚ್ಚಿಕೊಳ್ಳುತ್ತಿದ್ದಳು, ನಾವು ಹಟ ಅಂದುಕೊಂಡು ಗದರಿಸುತ್ತಿದ್ದೆವು. ನಾಲಿಗೆ ದಪ್ಪ ಎಂದರು, ಬಜೆ ತೇದು ಹಚ್ಚಿದೆವು. ಹರಕೆ ಹೊತ್ತೆವು. ಅವಳ ಮಾವನಿಗೂ ಮಾತು ತಡವಾಗಿಯೇ ಬಂದಿದ್ದು, ಕಾಯಿರಿ ಎಂದು ಮನೆಯವರು ಹೇಳಿದರು. ಕಾದೆವು.

ಕೊನೆಗೆ ಮೈಸೂರಿಗೆ ಹೋದಾಗ ಅಲ್ಲಿನ ಸ್ಪೀಚ್ ಥೆರಪಿಸ್ಟ್ (ಮಾತಿನ ತೊಂದರೆಗೆ ತರಬೇತಿ ಕೊಡುವವರು) ಮೊದಲು ನೋಡಿಸಿದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಳ್ಳುವುದು ತುಂಬ ಸಾಮಾನ್ಯವಂತೆ. ನಮ್ಮವಳಿಗೂ ಹಾಗೇ ಆಗಿತ್ತು. ಸರಿಯಾಗಿ ಕೇಳಿಸದ ಮಗು ಮಾತು ಹೇಗೆ ಕಲಿಯಬೇಕು, ಅಲ್ವಾ? ಈ ಮಕ್ಕಳ ತುಟಿ, ನಾಲಿಗೆಯ ಬಿಗಿಯೂ ಕಡಿಮೆ, ಹಾಗಾಗಿ ಅರ್ಥ ಆದಷ್ಟು ಬಾಯಲ್ಲಿ ಬರುವುದಿಲ್ಲ. ಒಳಗೆ ಮಾತು ಇದೆ, ಹೊರಗೆ ಬರಲು ದಾರಿ ಸಾಲದು. ಸನ್ನೆ, ಚಿತ್ರ ಆ ದಾರಿ. ಇವನ್ನು ಬಳಸಿದ್ದರಿಂದ ಮಕ್ಕಳ ಮಾತು ಕಡಿಮೆ ಆಗುವುದಿಲ್ಲ, ಎಷ್ಟೋ ಮಕ್ಕಳಲ್ಲಿ ಜಾಸ್ತಿಯೇ ಆಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದು ಎಷ್ಟೋ ವರ್ಷಗಳಾಗಿವೆ.

ಹಳೇ ಕ್ಯಾಲೆಂಡರ್ ರಟ್ಟು ಕತ್ತರಿಸಿ ಎಂಟು ಚಿತ್ರ ಮಾಡಿದೆ. ಮೊದಲು ಅವಳಿಗೆ ಇಷ್ಟವಾಗಿದ್ದು ದೋಸೆಯಲ್ಲ, 'ಸಾಕು' ಅನ್ನುವ ಚಿತ್ರ. ನಾನು ತುತ್ತು ಹಿಡಿದಾಗ ಅದನ್ನು ನನ್ನ ಮುಖಕ್ಕೇ ಒತ್ತಿದಳು. ಪ್ರತಿ ಸಲ ನಾನು "ಸಾಕು" ಎಂದು ನಿಧಾನಕ್ಕೆ ಹೇಳಿ, ತಟ್ಟೆ ಸರಿಸಿ, ಬಾಯಿ ಮುಚ್ಚಿಕೊಂಡು ಹತ್ತು ಎಣಿಸುವವರೆಗೆ ಕಾಯುತ್ತಿದ್ದೆ. ಕಾಯುವುದೇ ಕಷ್ಟದ ಕೆಲಸ. ನಾವೆಲ್ಲ "ಇದೇನು? ಅದೇನು? ಹೇಳು, ಹೇಳು" ಅಂತ ಪರೀಕ್ಷೆ ಮಾಡಿ, ಮಗು ಉಸಿರು ತೆಗೆದುಕೊಳ್ಳುವ ಮುಂಚೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚಿತ್ರ ಕೆಳಗೆ ಬಿದ್ದಿತ್ತು, ಅವಳು ಅದನ್ನು ಹುಡುಕಲಿಲ್ಲ. ತಟ್ಟೆ ತಳ್ಳಿ "ಸಾ" ಎಂದಳು. ಈಗ ಹನ್ನೊಂದು ಪದ ಇವೆ. ಚಿತ್ರಗಳೂ ಇವೆ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ವರ್ಷಕ್ಕೆ ಎರಡು ಸಲ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಮಾತು, ಭಾಷೆಯ ತೊಂದರೆಯೂ ಒಂದು. ಆದರೆ ಗುರುತಿಸಿದ ಮೇಲೆ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರ್, ಮೈಸೂರು ಅಲ್ಲಿಂದ ಇನ್ನೂ 120. ಥೆರಪಿ ಅಂದರೆ ಒಂದು ದಿನದ ಕೆಲಸವಲ್ಲ, ಪದೇ ಪದೇ ಹೋಗಬೇಕು. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ತಾಯಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೂ ದುಡ್ಡು ಕೊಟ್ಟು ಎಷ್ಟು ಸಲ ಹೋಗುತ್ತಾಳೆ?

ನಾನು ಕೇಳುವುದು ಎರಡೇ. ಅಂಗನವಾಡಿ ಟೀಚರುಗಳಿಗೆ ಸನ್ನೆ, ಚಿತ್ರ ಬಳಸುವುದನ್ನು ಕಲಿಸಿ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವನ್ನು 'ಕಾಯಿರಿ' ಎನ್ನದೆ ಕಿವಿ ಪರೀಕ್ಷೆಗೆ ಕಳಿಸಲು ಹೇಳಿ. ಮತ್ತೆ, ನಮ್ಮ ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಒಂದು ದಿನವಾದರೂ ಸ್ಪೀಚ್ ಥೆರಪಿಸ್ಟ್ ಬರುವಂತೆ ಮಾಡಿ. ಸಂತೆ ದಿನವಾದರೆ ಒಳ್ಳೆಯದು, ಅವತ್ತು ಹಳ್ಳಿಗಳಿಂದ ಹೇಗೂ ಜನ ಬರುತ್ತಾರೆ.

– ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು